ಎರಡು ದಾರಗಳ ನಡುವಿನ ಗಂಟು

ಹೊಸ ಒಡಂಬಡಿಕೆಯಲ್ಲಿ ಬಲೆಯ ಮಾತು ಹಲವು ಕಡೆ ಬರುತ್ತದೆ. ಗಾಳದ ಮಾತು ಬರುವುದು ಒಂದೇ ಒಂದು ಕಡೆ. ಸಂತ ಮತ್ತಾಯನ ಶುಭಸಂದೇಶದ 17ನೇ ಅಧ್ಯಾಯದ ಕೊನೆಗೆ, ದೇವಾಲಯದ ತೆರಿಗೆಯ ಪ್ರಶ್ನೆ ಎದ್ದಾಗ, ಯೇಸುಸ್ವಾಮಿ ಪೇತ್ರನಿಗೆ ಸರೋವರಕ್ಕೆ ಹೋಗಿ ಗಾಳ ಹಾಕಲು ಹೇಳುತ್ತಾರೆ. ಮೊದಲು ಸಿಕ್ಕುವ ಮೀನಿನ ಬಾಯಲ್ಲಿ ನಾಣ್ಯವಿದೆ ಎನ್ನುತ್ತಾರೆ. ಪೇತ್ರ ಹೋದನೇ, ಮೀನು ಸಿಕ್ಕಿತೇ ಎಂಬುದನ್ನು ಮತ್ತಾಯ ಬರೆಯುವುದೇ ಇಲ್ಲ! ಬಲೆಯ ಕಸುಬಿನವನಾದ ಪೇತ್ರನ ಕೈಗೆ ಅಂದು ಒಂದು ದಾರ, ಒಂದು ಕೊಕ್ಕೆ ಬಂತು ಎಂಬಷ್ಟು ಮಾತ್ರ ನಮಗೆ ಗೊತ್ತು.

ಈ ತಿಂಗಳು ಗಾಳದ ವಿಷಯ ಯಾಕೆ ಎಂದು ಕೇಳಬೇಡಿ. ರಜೆಯ ದಿನಗಳಲ್ಲಿ ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಅಳಿವೆಯ ಕಡೆ ಒಂದು ಸಂಜೆ ಹೋಗಿ ಬನ್ನಿ. ಭಾನುವಾರದ ಬಲಿಪೂಜೆಗೆ ಹಿಂದಿನ ಬೆಂಚಿನಲ್ಲಿ ನಿಲ್ಲುವ ನಮ್ಮ ಹುಡುಗರಲ್ಲಿ ಅರ್ಧದಷ್ಟು ಮಂದಿ ಅಲ್ಲಿ ಮುಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಕೈಯಲ್ಲಿ ರೀಲು ಕಟ್ಟಿದ ಕೋಲು. ಕೆಲವರದು ಗಲ್ಫಿನಿಂದ ತಂದದ್ದು, ಕೆಲವರದು ಆನ್‌ಲೈನಿನಲ್ಲಿ ತರಿಸಿದ್ದು. ನಾವು ದೂರುವುದಿಲ್ಲ. ಸಂಜೆ ಹೊತ್ತು ಹೋಗಲು ಇದಕ್ಕಿಂತ ಕೆಟ್ಟ ಜಾಗಗಳು ಊರಲ್ಲಿ ಬೇಕಾದಷ್ಟಿವೆ.

ಅಜ್ಜಂದಿರ ಗಾಳ ಸರಳವಾಗಿತ್ತು. ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಕೊಕ್ಕೆ, ಸ್ವಲ್ಪ ಮೇಲೆ ಸೀಸದ ಗುಂಡು. ಒಂದೇ ದಾರವಾದ್ದರಿಂದ ಜೋಡಿಸುವ ಪ್ರಶ್ನೆಯೇ ಇರಲಿಲ್ಲ. ಈಗಿನ ರೀಲಿನಲ್ಲಿರುವುದು ಹೆಣೆದ ದಾರ, ಹುಡುಗರ ಭಾಷೆಯಲ್ಲಿ ಬ್ರೇಡ್. ಹೊಲಿಗೆ ನೂಲಿನಷ್ಟು ತೆಳುವಾಗಿದ್ದರೂ ಅದು ಹತ್ತು ಹದಿನೈದು ಕಿಲೋ ಎಳೆತ ತಡೆಯುತ್ತದೆ. ತೆಳುವಾದ್ದರಿಂದ ದೂರ ಹಾರುತ್ತದೆ, ಹಿಗ್ಗದ ಕಾರಣ ಮೀನು ಮೂಸಿದರೂ ಕೈಗೆ ತಿಳಿಯುತ್ತದೆ. ಆದರೆ ಚಿಪ್ಪು ಅಂಟಿದ ಬಂಡೆಗೆ ಒಮ್ಮೆ ಉಜ್ಜಿದರೆ ಸಾಕು, ಕಥೆ ಮುಗಿಯಿತು. ಮಲಯಾಳದಲ್ಲಿ ಕಾಳಾಂಜಿ ಎನ್ನುವ ಅಳಿವೆಯ ದೊಡ್ಡ ಮೀನಿಗೆ ಕಿವಿರಿನ ಮುಚ್ಚಳದ ಅಂಚೇ ಚೂರಿ. ಆದ್ದರಿಂದ ಬ್ರೇಡಿನ ತುದಿಗೆ ಒಂದೆರಡು ಮಾರು ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ದಾರ ಸೇರಿಸಿ, ಅದರ ತುದಿಗೆ ಕೊಕ್ಕೆ ಕಟ್ಟುತ್ತಾರೆ. ಈ ಮುಂದಿನ ತುಂಡಿಗೆ ಲೀಡರ್ ಎಂದು ಹೆಸರು. ಉಜ್ಜಾಟ ತಡೆಯುವುದು, ಮೀನಿನ ಕಣ್ಣಿಗೆ ಬೀಳದಿರುವುದು ಅದರ ಕೆಲಸ. ಪ್ಲಸ್ ಟೂ ಮಕ್ಕಳಿಗೆ ಒಂದು ಮಾತು: ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋಕಾರ್ಬನ್ನಿನದು ಸುಮಾರು 1.42, ನೈಲಾನಿನದು ಸುಮಾರು 1.53. ನೀರಿಗೆ ಹತ್ತಿರವಿದ್ದಷ್ಟೂ ದಾರ ಕಾಣುವುದು ಕಡಿಮೆ.

ಹೀಗೆ ಎರಡು ಜಾತಿಯ ದಾರಗಳು ಒಂದಾಗಬೇಕಾಯಿತು. ತೊಂದರೆ ಶುರುವಾಗುವುದು ಅಲ್ಲಿಯೇ.

ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಈ ಗಂಟಿನ ಮೇಲೆಯೇ ಮನಸ್ತಾಪವಾಯಿತು. ತಂದೆ ಹಿಂದೆ ಮಲ್ಪೆಯ ಬೋಟಿನಲ್ಲಿ ಕೆಲವು ವರ್ಷ ದುಡಿದವರು, ಗಂಟು ಹಾಕುವುದರಲ್ಲಿ ಪಳಗಿದ ಕೈ. ಮಗ ಮೂವತ್ತು ದಿನದ ರಜೆಯಲ್ಲಿ ಗಲ್ಫಿನಿಂದ ಬಂದವನು. ಹೊಸ ಕೋಲು, ಹೊಸ ದಾರ. ಲೀಡರ್ ಜೋಡಿಸಿಕೊಟ್ಟದ್ದು ತಂದೆ. ಅಳಿವೆಯಲ್ಲಿ ದೊಡ್ಡ ಮೀನೊಂದು ಕಚ್ಚಿತು, ಎಳೆಯಿತು, ಲೀಡರಿನ ಸಮೇತ ಹೋಯಿತು. ಮರುದಿನವೂ ಅದೇ ಕಥೆ. "ಪಪ್ಪಾ, ನಿಮ್ಮ ಗಂಟು ಹಳೇ ಕಾಲದ್ದು" ಎಂದು ಮಗ ನಾಲ್ಕು ಜನರೆದುರು ಹೇಳಿಬಿಟ್ಟ. "ಸಾವಿರಾರು ರೂಪಾಯಿ ಕೊಟ್ಟು ನೂಲು ತಂದಿದ್ದೀ ಪುತಾ, ದಾರ ಅಲ್ಲ" ಎಂದರು ತಂದೆ. ಅಷ್ಟೇ. ಮೂವತ್ತರಲ್ಲಿ ಹತ್ತು ದಿನ ಇಬ್ಬರ ನಡುವೆ ಮಾತಿಲ್ಲದೆ ಹೋಯಿತು. ರಾತ್ರಿ ಜಪಸರದ ಹೊತ್ತಿಗೂ ಮಗ ಜಗಲಿಯಲ್ಲಿ, ತಂದೆ ಒಳಗೆ. ತಾಯಿ ನಮ್ಮಲ್ಲಿ ಬಂದು, "ಫಾದರ್, ಮೀನಿನ ಆಸೆ ಯಾರಿಗೂ ಇಲ್ಲ, ಇವರಿಬ್ಬರು ಒಮ್ಮೆ ಮಾತಾಡಿದರೆ ಸಾಕು" ಎಂದು ಹೇಳಿದರು.

ನಾವು ಆ ಮನೆಗೆ ಹೋದಾಗ ಮೊದಲು ನೋಡಿದ್ದು ಬ್ರೇಡಿನ ತುದಿಯನ್ನು. ಹೆಣೆದ ದಾರ ತುಂಡಾಗಿದ್ದರೆ ತುದಿ ಹತ್ತಿಯ ಹಾಗೆ ಎಳೆ ಬಿಚ್ಚಿಕೊಂಡಿರುತ್ತದೆ. ಇದರ ತುದಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆಯೇ ನೀಟಾಗಿತ್ತು. ಎಂದರೆ ದಾರ ತುಂಡಾಗಿಲ್ಲ, ಗಂಟಿನಿಂದ ಜಾರಿ ಹೊರಬಂದಿದೆ. ದಾರವನ್ನು ಬೈದದ್ದು ಸರಿಯಲ್ಲ ಎಂದಾಯಿತು. ಹಾಗಾದರೆ ಗಂಟು ಕೆಟ್ಟದೇ? ಅಂಗಳದ ಹಲಸಿನ ಕೊಂಬೆಗೆ ತಂದೆಯ ಕೈಯಿಂದಲೇ ನೈಲಾನಿಗೆ ನೈಲಾನ್ ಜೋಡಿಸಿ, ಹತ್ತು ಲೀಟರಿನ ಬಕೆಟ್ ತುಂಬಿ ತೂಗುಹಾಕಿಸಿದೆವು. ಗಂಟು ಅಲ್ಲಾಡಲಿಲ್ಲ. ಅದೇ ಗಂಟನ್ನು ಬ್ರೇಡಿಗೂ ನೈಲಾನಿಗೂ ಹಾಕಿ ತೂಗಿಸಿದಾಗ, ಎಲ್ಲರೂ ನೋಡುತ್ತಿದ್ದಂತೆ ಬ್ರೇಡ್ ಮೆಲ್ಲಗೆ ಜಾರುತ್ತ ಬಂದು, ಬಕೆಟ್ ಧೊಪ್ಪನೆ ಬಿತ್ತು.

ಇದರ ಗುಟ್ಟು ನಮ್ಮ ಮನೆಮನೆಯ ಬಾವಿಕಟ್ಟೆಯಲ್ಲೇ ಇದೆ. ತೆಂಗಿನ ನಾರಿನ ಹಗ್ಗಕ್ಕೆ ಹೇಗೆ ಗಂಟು ಹಾಕಿದರೂ ನಿಲ್ಲುತ್ತಿತ್ತು. ನಾರೇ ನಾರನ್ನು ಹಿಡಿಯುತ್ತಿತ್ತು. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಅದೇ ಗಂಟಿಗೆ ಕೊಡಪಾನ ಬಾವಿ ಸೇರಿದ್ದನ್ನು ಎಷ್ಟೋ ಮನೆಯವರು ಕಂಡಿದ್ದಾರೆ. ಬ್ರೇಡ್ ಮಾಡುವುದು ಪಾಲಿಥೀನಿನಿಂದ. ಅಂಗಡಿಯ ಕೈಚೀಲದ ದೂರದ ನೆಂಟನೇ, ಆದರೆ ಅಣುಸರಪಳಿಗಳನ್ನು ಬಹಳ ಉದ್ದಕ್ಕೆ ಬೆಳೆಸಿ ಒಂದೇ ದಿಕ್ಕಿಗೆ ಎಳೆದದ್ದು. ಬಲ ವಿಪರೀತ, ನುಣುಪೂ ವಿಪರೀತ. ಸಾಲದ್ದಕ್ಕೆ ಹಿಗ್ಗುವುದಿಲ್ಲ, ಹಾಗಾಗಿ ಮೀನಿನ ಜಗ್ಗಾಟವೆಲ್ಲ ನೇರ ಗಂಟಿಗೇ ಬಡಿಯುತ್ತದೆ. ತಂದೆಯ ಗಂಟು, ಇಂಗ್ಲಿಷ್ ಪುಸ್ತಕಗಳಲ್ಲಿ ಬ್ಲಡ್ ನಾಟ್ ಎನ್ನುವುದು, ಹೆಚ್ಚು ಕಡಿಮೆ ಒಂದೇ ದಪ್ಪದ ಎರಡು ನೈಲಾನ್ ದಾರಗಳಿಗೆ ಇಂದಿಗೂ ಉತ್ತಮ ಗಂಟು. ಒಂದೊಂದು ಕೊನೆಯನ್ನು ಇನ್ನೊಂದರ ಮೇಲೆ ಐದು ಸುತ್ತು ಸುತ್ತಿ, ಎರಡೂ ಕೊನೆಗಳನ್ನು ನಡುವಿನ ಕಂಡಿಯಲ್ಲಿ ಎದುರುಬದುರಾಗಿ ತೂರಿಸಿ ಬಿಗಿಯುವುದು. ಸಮಾನರ ನಡುವಿನ ಗಂಟು ಅದು. ಒಂದು ತೆಳು ಮತ್ತು ನುಣುಪು, ಇನ್ನೊಂದು ದಪ್ಪ ಮತ್ತು ಬಿರುಸು ಎಂದಾದಾಗ ಬೇರೆ ಗಂಟು ಬೇಕು.

ಯಾವುದು? ಹುಡುಗರು ಮೊಬೈಲಿನಲ್ಲಿ ನೋಡಿ ಇಪ್ಪತ್ತು ಗಂಟುಗಳ ಹೆಸರು ಹೇಳುತ್ತಾರೆ. ಅಷ್ಟೆಲ್ಲ ಬೇಡ.

ಮೊದಲು ಕಲಿಯಬೇಕಾದದ್ದು ಡಬಲ್ ಯೂನಿ. ಎರಡು ದಾರಗಳನ್ನೂ ಪಕ್ಕಪಕ್ಕ ಇಟ್ಟು, ಒಂದೊಂದರ ಕೊನೆಯಿಂದ ಇನ್ನೊಂದರ ಮೇಲೆ ಜಾರುಗಂಟು ಹಾಕಿ, ಕೊನೆಗೆ ಎರಡೂ ಗಂಟುಗಳನ್ನು ಎಳೆದು ಒಂದಕ್ಕೊಂದು ಒರಗಿಸುವುದು. ದಪ್ಪ ಲೀಡರಿಗೆ ನಾಲ್ಕು ಸುತ್ತು ಸಾಕು. ಬ್ರೇಡಿಗೆ ಏಳೆಂಟು ಬೇಕು, ಬ್ರೇಡನ್ನು ಮಡಚಿ ಜೋಡಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಇಬ್ಬರಿಗೂ ಸಮ ಸುತ್ತು ಕೊಡುವುದೇ ನ್ಯಾಯ ಎಂದು ಇಲ್ಲಿ ವಾದಿಸಬಾರದು. ಜಾರುವವನಿಗೆ ಹೆಚ್ಚು ಸುತ್ತು. ಹಲಸಿನ ಕೊಂಬೆಗೆ ಅಂದು ಮೂರನೆಯದಾಗಿ ತೂಗಿಸಿದ್ದು ಇದನ್ನೇ, ಬಕೆಟ್ ನಿಂತಿತು. ಮಗ ಏನೂ ಹೇಳದೆ ಇನ್ನೊಂದು ಚೊಂಬು ನೀರು ಸುರಿದ. ತಂದೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದು, "ಬ್ರೇಡಿಗೆ ಎಷ್ಟು ಸುತ್ತು ಹಾಕಿದೆ?" ಎಂದು ಕೇಳಿದರು. ಹತ್ತು ದಿನದ ನಂತರದ ಮೊದಲ ಮಾತು ಅದು. ತಾಯಿ ಅಡಿಗೆಮನೆಯಿಂದ ಚಹಾ ತರುವಾಗ ಇಬ್ಬರೂ ದಾರದ ಮೇಲೆ ಬಾಗಿದ್ದರು. ನಮ್ಮ ಲೋಟವನ್ನು ನಾವೇ ಎತ್ತಿಕೊಳ್ಳಬೇಕಾಯಿತು.

ಲೀಡರ್ ಬಹಳ ದಪ್ಪವಾಗಿದ್ದು ಬ್ರೇಡ್ ತೀರಾ ತೆಳುವಾಗಿದ್ದರೆ ಆಲ್‌ಬ್ರೈಟ್ ಗಂಟು. ದಪ್ಪದ್ದನ್ನು ಮಡಚಿ ಕುಣಿಕೆ ಮಾಡಿ, ತೆಳುವಾದದ್ದನ್ನು ಅದರೊಳಗಿಂದ ತಂದು ಹತ್ತು ಹನ್ನೆರಡು ಸುತ್ತು ಒತ್ತೊತ್ತಾಗಿ ಸುತ್ತಿ, ಬಂದ ದಾರಿಯಲ್ಲೇ ಕುಣಿಕೆಯಿಂದ ಹೊರತೆಗೆಯುವುದು.

ಇನ್ನು ಹುಡುಗರ ಅಚ್ಚುಮೆಚ್ಚಿನ ಎಫ್‌ಜಿ ಗಂಟು. ಜಪಾನಿನ ಗಾಳಗಾರರಿಂದ ಬಂದದ್ದು. ಇದರಲ್ಲಿ ಲೀಡರ್ ಮಡಚಿಕೊಳ್ಳುವುದೇ ಇಲ್ಲ, ನೇರ ನಿಂತಿರುತ್ತದೆ. ಬಿಗಿಯಾಗಿ ಎಳೆದುಕೊಂಡ ಬ್ರೇಡನ್ನು ಅದರ ಮೇಲೆ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ, ಚಾಪೆ ಹೆಣೆದಂತೆ ಇಪ್ಪತ್ತರಷ್ಟು ಸಲ ಹೆಣೆದು, ಕೊನೆಗೆ ಸಣ್ಣ ಅರೆಗಂಟುಗಳಿಂದ ಭದ್ರ ಮಾಡುತ್ತಾರೆ. ಎಳೆದಷ್ಟೂ ಹೆಣಿಗೆ ಬಿಗಿದು ಲೀಡರಿನ ಮೈಯನ್ನು ಕಚ್ಚುತ್ತದೆ. ಸಣ್ಣದಾಗಿರುವುದರಿಂದ ಕೋಲಿನ ಉಂಗುರಗಳಲ್ಲಿ ಸದ್ದಿಲ್ಲದೆ ದಾಟುತ್ತದೆ. ಬಲದಲ್ಲಿ ಇದನ್ನು ಮೀರಿಸುವ ಗಂಟು ಕಡಿಮೆ. ಆದರೆ ಕತ್ತಲಲ್ಲಿ, ಗಾಳಿಯಲ್ಲಿ, ಬಂಡೆಯ ಮೇಲೆ ನಿಂತು ಕಟ್ಟುವಂಥದ್ದಲ್ಲ ಇದು. ಅರ್ಧಂಬರ್ಧ ಕಟ್ಟಿದ ಎಫ್‌ಜಿಗಿಂತ ಸರಿಯಾಗಿ ಕಟ್ಟಿದ ಡಬಲ್ ಯೂನಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಲೀಡರ್ ಎರಡಡಿ ಮಾತ್ರ ಇದ್ದರೆ ಗಂಟು ಉಂಗುರದೊಳಗೆ ಹೋಗುವುದೇ ಇಲ್ಲ, ಆಗ ಗಂಟು ತುಸು ದಪ್ಪವಿದ್ದರೆ ನಷ್ಟವೇನು? ಉದ್ದ ಲೀಡರ್ ಹಾಕುವವರು ಮನೆಯಲ್ಲಿ, ದೀಪದ ಬೆಳಕಿನಲ್ಲಿ, ಎಫ್‌ಜಿ ಕಟ್ಟಿಕೊಂಡೇ ಹೊರಡಲಿ.

ಯಾವ ಗಂಟೇ ಆಗಲಿ, ಬಿಗಿಯುವ ಮೊದಲು ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಬೇಕು. ಒಣಗಿದ ನೈಲಾನನ್ನು ಸರ್ರನೆ ಎಳೆದರೆ ತಿಕ್ಕಾಟದ ಬಿಸಿಗೆ ಅದು ಸೋಲುತ್ತದೆ, ಹೊರಗೆ ಕಾಣುವುದಿಲ್ಲ. ಮೆಲ್ಲಗೆ, ಒಂದೇ ಸಮನೆ ಎಳೆಯಬೇಕು. ಬ್ರೇಡನ್ನು ಬರಿಗೈಗೆ ಸುತ್ತಿ ಜಗ್ಗಬಾರದು, ಬ್ಲೇಡಿನಂತೆ ಕೊಯ್ಯುತ್ತದೆ. ಬಟ್ಟೆ ಸುತ್ತಿದ ಕೈಯಿಂದ ಎಳೆದು ನೋಡಿ. ಜಾರುವ ಗಂಟು ಅಂಗಳದಲ್ಲೇ ಜಾರಲಿ.

ಗುರುಮಠದಲ್ಲಿ ಕಲಿತ ಗ್ರೀಕಿನ ಒಂದು ಪದ ಇಲ್ಲಿ ನೆನಪಾಗುತ್ತದೆ. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಯೇಸುಸ್ವಾಮಿ ಕರೆಯುವಾಗ ಜೆಬೆದಾಯನ ಮಕ್ಕಳು ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರು. ತಂದೆಯೂ ಅದೇ ದೋಣಿಯಲ್ಲಿದ್ದ. ಸರಿಪಡಿಸು ಎಂಬುದಕ್ಕೆ ಅಲ್ಲಿರುವ ಕ್ರಿಯಾಪದ ಕತಾರ್ತಿಜೊ. ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ, ತಪ್ಪಿಬಿದ್ದವನನ್ನು ಸೌಮ್ಯತೆಯಿಂದ ತಿದ್ದಿರಿ ಎನ್ನುವಾಗ ಬಳಸುವುದೂ ಅದೇ ಪದ. ಗ್ರೀಕ್ ವೈದ್ಯರು ಸರಿದ ಎಲುಬನ್ನು ಕೂರಿಸುವುದಕ್ಕೆ ಹೇಳುತ್ತಿದ್ದುದೂ ಇದೇ ಮೂಲದ ಮಾತು. ಬಲೆಗೆ, ಎಲುಬಿಗೆ, ಮನುಷ್ಯನಿಗೆ ಒಂದೇ ಪದ. ಮೂರು ಕಡೆಯೂ ಬೇಕಾದದ್ದು ಎಲ್ಲಿ ಬಿಟ್ಟುಹೋಗಿದೆ ಎಂದು ಮೊದಲು ನೋಡುವ ಕಣ್ಣು. ಜಗಳವಾಡುವ ಮನೆಗಳಲ್ಲಿ ಬ್ರೇಡಿನ ತುದಿಯನ್ನು ಯಾರೂ ಕೈಗೆತ್ತಿ ನೋಡಿರುವುದಿಲ್ಲ.

ಲೀಡರಿನ ವಿಷಯದಲ್ಲಿ ಮೀನಿಗೆ ಸಂಬಂಧಿಸಿದ ಒಂದು ಮಾತು ಬಾಕಿಯಿದೆ. ನಡುವಿನ ಗಂಟು ಬಿಟ್ಟುಹೋದರೆ ಮೀನು ಬಾಯಲ್ಲಿ ಕೊಕ್ಕೆ, ಹಿಂದೆ ಮಾರುದ್ದ ನೈಲಾನ್ ಎಳೆದುಕೊಂಡು ಹೋಗುತ್ತದೆ. ಬಂಡೆಗೋ ಕಾಂಡ್ಲಾದ ಬೇರಿಗೋ ಸುತ್ತಿಕೊಂಡರೆ ಅಲ್ಲೇ ಸಾಯುತ್ತದೆ. ಆದ್ದರಿಂದ ಎಲ್ಲಕ್ಕಿಂತ ದುರ್ಬಲ ಜಾಗ ಕೊಕ್ಕೆಯ ಬಳಿಯ ಗಂಟಾಗಿರಲಿ. ಕೊಕ್ಕೆ ಕಲ್ಲಿಗೆ ಸಿಕ್ಕಿ ಬಿಡಿಸಲಾಗದೆ ಎಳೆದಾಗ ಹೋದರೆ ಕೊಕ್ಕೆಯೊಂದೇ ಹೋಗಲಿ, ದಾರ ಕೈಗೆ ಮರಳಿ ಬರಲಿ. ಪ್ರತಿ ದೊಡ್ಡ ಮೀನಿನ ನಂತರ ಲೀಡರಿನ ಮೇಲೆ ಬೆರಳಾಡಿಸಿ, ತರಿತರಿ ಎನಿಸಿದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಕಟ್ಟಿ.

ಕತ್ತರಿಸಿದ ತುಂಡುಗಳನ್ನು ಅಲ್ಲೇ ಬಿಸಾಡಿ ಬರುವವರು ನಮ್ಮಲ್ಲಿ ಬಹಳ. ನೈಲಾನ್ ಕೊಳೆಯುವುದಿಲ್ಲ. ನೀರುಕಾಗೆ, ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡರೆ ಬಿಡಿಸಲು ಅವಕ್ಕೆ ಕೈಗಳಿಲ್ಲ. ಮುಚ್ಚಳವಿರುವ ಖಾಲಿ ಬಾಟಲಿಯೊಂದನ್ನು ಚೀಲದಲ್ಲಿಟ್ಟು, ತುಂಡುಗಳನ್ನು ಅದಕ್ಕೆ ತುಂಬಿ ಮನೆಗೆ ತನ್ನಿ. ಹಸಿರು ಕರ್ಮಸೇನೆಯವರು ಪ್ಲಾಸ್ಟಿಕ್ ಸಂಗ್ರಹಕ್ಕೆ ಬಂದಾಗ ಕೊಟ್ಟುಬಿಡಬಹುದು.