ಅಟ್ಯಾಚ್‌ಮೆಂಟ್ ಬಂದಿಲ್ವಂತೆ, ಇನ್ನೊಂದ್ಸಲ ಕಳಿಸ್ಬೇಕಂತೆ

"ನಿಮ್ಮ ಮೇಲ್ ಬಂತು, ಆದ್ರೆ ಅಟ್ಯಾಚ್‌ಮೆಂಟ್ ಇಲ್ಲ. ಇನ್ನೊಂದ್ಸಲ ಕಳಿಸಿ." ಈ ಮಾತು ಕೇಳದವರು ಯಾರಿದ್ದೀರಿ ಹೇಳಿ? ಕೇಳಿದ ತಕ್ಷಣ ಸೆಂಟ್ ಫೋಲ್ಡರಿಗೆ ಓಡುತ್ತೇವೆ. ಫೈಲು ಅಲ್ಲಿ ಗುಂಡುಕಲ್ಲಿನ ಹಾಗೆ ಕೂತಿರುತ್ತದೆ. ಆದರೂ ಅನುಮಾನ ನಮ್ಮ ಮೇಲೇ. ಮತ್ತೆ ಕಳಿಸುತ್ತೇವೆ, ಮತ್ತೆ ಅದೇ ಉತ್ತರ.

ಸಾಫ್ಟ್‌ವೇರ್ ಕೆಲಸ ಅಂತ ಗೊತ್ತಾದ ಮೇಲೆ ನೆಂಟರಿಷ್ಟರ ಇಂಥ ಕೇಸುಗಳೆಲ್ಲ ನನ್ನ ತಲೆಗೇ ಬಂದು ಬೀಳುತ್ತವೆ (ಟಿವಿ ರಿಮೋಟ್ ರಿಪೇರಿಯೂ ಸೇರಿ :-) ). ಅಷ್ಟನ್ನೂ ನೋಡಿದ ಮೇಲೆ ನನ್ನದೊಂದು ಖಚಿತ ಅಭಿಪ್ರಾಯ. ಫೈಲು ಸೇರಿಸೋದನ್ನೇ ಮರೆತವರ ಕಥೆ ಬಿಡಿ. ಮಿಕ್ಕಂತೆ, ಮೇಲ್ ಬಂದಿದೆ ಅಂದ್ರೆ ಅಟ್ಯಾಚ್‌ಮೆಂಟೂ ಸಾಮಾನ್ಯವಾಗಿ ಬಂದೇ ಇರುತ್ತದೆ. ನಿಮ್ಮ ಪ್ರೋಗ್ರಾಮಿಗೆ ಅದರ ಗುರುತು ಹತ್ತಿಲ್ಲ ಅಷ್ಟೆ. ಎಲ್ಲರೂ ಒಪ್ಪಿಕೊಂಡ ನಿಯಮವನ್ನು ಯಾವುದೋ ಒಂದು ಪ್ರೋಗ್ರಾಮು ಪಾಲಿಸಿಲ್ಲ, ಬೈಗುಳ ಮಾತ್ರ ಮನುಷ್ಯರಿಗೆ.

ನಾವು ಅಟ್ಯಾಚ್‌ಮೆಂಟ್ ಅಂದ್ರೆ ರೈಲಿಗೆ ಹಿಂದೆ ಸಿಕ್ಕಿಸಿದ ಬೋಗಿ, ಅರಸೀಕೆರೆಯಲ್ಲಿ ಕಳಚಿಕೊಂಡು ನಿಂತುಬಿಡಬಹುದು ಅಂತ ಅಂದ್ಕೊಂಡಿರ್ತೀವಿ. ಹಾಗಿಲ್ಲ. ಇಡೀ ಮೇಲ್ ಒಂದೇ ಉದ್ದನೆಯ ಪಠ್ಯ. ಇಮೇಲಿನಲ್ಲಿ ಮೊದಲು ಬರೀ ಇಂಗ್ಲಿಷ್ ಅಕ್ಷರಗಳಷ್ಟೇ ಹೋಗುತ್ತಿದ್ದವು. ನೇಥನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಸೇರಿಕೊಂಡು ಬರೆದ ಮೈಮ್ ಎಂಬ ನಿಯಮಾವಳಿ 1992ರಲ್ಲಿ ಬಂತು. ಅದರ ಪ್ರಕಾರ ಫೋಟೋ, ಹಾಡು, ಪಿಡಿಎಫ್ ಏನೇ ಇರಲಿ, ಪ್ರತಿ 3 ಬೈಟನ್ನು 4 ಅಕ್ಷರ ಮಾಡಿ (ಬೇಸ್64 ಅಂತಾರೆ) ಅದೇ ಪಠ್ಯದೊಳಗೆ ತುಂಬುವುದು, ಭಾಗ ಭಾಗಕ್ಕೆ ನಡುವೆ ಒಂದು ಗೆರೆ ಎಳೆಯುವುದು, ಪ್ರತಿ ಭಾಗದ ತಲೆಯ ಮೇಲೆ "ಇದು ಇಂಥದ್ದು, ಹೆಸರು ಇದು" ಅಂತ ಚೀಟಿ ಅಂಟಿಸುವುದು. ಫೈಲು ಅದಕ್ಕೇ ಮೂರರಲ್ಲೊಂದು ಪಾಲು ಊದಿಕೊಳ್ಳುತ್ತದೆ. ಮಿತಿಯೊಳಗೇ ಇದೆ ಅಂದ್ಕೊಂಡ ಫೈಲು ಕೆಲವೊಮ್ಮೆ ಹೋಗದೆ ಸತಾಯಿಸುವುದು ಇದರಿಂದಲೇ. ಆದರೆ ಅಂಥ ಕಡೆ ಇಡೀ ಮೇಲೇ ವಾಪಸ್ ಬರುತ್ತದೆ, ಬರೀ ಫೈಲು ಮಾಯವಾಗುವುದಿಲ್ಲ. ಕಂಪನಿಗಳ ವೈರಸ್ ಕಾವಲುಗಾರ ನಡುವೆ ಕೈಹಾಕಿ ಫೈಲು ಕಿತ್ತುಹಾಕುವುದುಂಟು, ಆಗಲೂ ಸಾಮಾನ್ಯವಾಗಿ ಒಂದು ಸೂಚನೆ ಬಿಟ್ಟು ಹೋಗುತ್ತಾನೆ.

ಹಾಗಾಗಿ ಗಲಾಟೆಯೆಲ್ಲ ಆ ಚೀಟಿಯದ್ದು.

ಎಲ್ಲರಿಗೂ ಗೊತ್ತಿರುವ ಖಳನಾಯಕ ವಿನ್‌ಮೇಲ್.ಡ್ಯಾಟ್. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ರಿಚ್ ಟೆಕ್ಸ್ಟ್ ಎಂಬ ರೂಪದಲ್ಲಿ ಮೇಲ್ ಬರೆದರೆ ಅದು ಅಕ್ಷರದ ಅಂದಚೆಂದ, ಫೈಲು ಎಲ್ಲವನ್ನೂ ಟಿಎನ್‌ಇಎಫ್ ಎನ್ನುವ ಮೈಕ್ರೋಸಾಫ್ಟ್‌ನ ಸ್ವಂತ ಮೂಟೆಯಲ್ಲಿ ಕಟ್ಟಿಬಿಡುತ್ತದೆ. ಆ ಕಡೆ ಔಟ್‌ಲುಕ್ ಇದ್ದರೆ ಮೂಟೆ ಬಿಚ್ಚಿಕೊಳ್ಳುತ್ತದೆ. ಆಪಲ್ ಮೇಲೋ ಥಂಡರ್‌ಬರ್ಡೋ ಇದ್ದರೆ ವಿನ್‌ಮೇಲ್.ಡ್ಯಾಟ್ ಅನ್ನೋ ಒಂದು ಅನಾಥ ಫೈಲು. ನೀವು ಕಳಿಸಿದ ಮೂರು ಪಿಡಿಎಫ್ ಅದರ ಹೊಟ್ಟೆಯಲ್ಲೇ ಇರುತ್ತವೆ. ಇದರ ಹೆಸರಿನಲ್ಲಿ "ಟ್ರಾನ್ಸ್‌ಪೋರ್ಟ್ ನ್ಯೂಟ್ರಲ್" ಅಂತ ಬೇರೆ ಇದೆ, ನಗಬೇಕೋ ಅಳಬೇಕೋ!

ಮೂಟೆ ಬಿಚ್ಚೋಕೆ ಉಪಾಯಗಳಿವೆ. ಥಂಡರ್‌ಬರ್ಡಿಗೆ ಆಡ್-ಆನ್ ಇದೆ, ಲಿನಕ್ಸ್‌ನಲ್ಲಿ ಟಿಎನ್‌ಇಎಫ್ ಅಂತಲೇ ಒಂದು ಕಮಾಂಡ್ ಇದೆ. ನನ್ನ ತಕರಾರು ಇರೋದೂ ಇಲ್ಲೇ. ಕಟ್ಟಿದವರು ಆರಾಮ, ಬಿಚ್ಚುವ ಕಷ್ಟ ಪಡೆದವರಿಗೆ. ಕಳಿಸುವವರ ಕಡೆ ಒಂದೇ ಒಂದು ಸೆಟ್ಟಿಂಗು ಸಾಕು: ಫೈಲ್, ಆಪ್ಷನ್ಸ್, ಮೇಲ್ ಒಳಗೆ ಹೋಗಿ, ಇಂಟರ್ನೆಟ್ಟಿನವರಿಗೆ ರಿಚ್ ಟೆಕ್ಸ್ಟ್ ಕಳಿಸುವಾಗ ಎಚ್‌ಟಿಎಂಎಲ್‌ಗೆ ಬದಲಿಸು ಅಂತ ಹೇಳಿದರಾಯಿತು. (ಅಷ್ಟಾದರೂ ಒಬ್ಬರಿಗೆ ಮಾತ್ರ ಹೀಗಾಗುತ್ತಿದ್ದರೆ ಅಡ್ರೆಸ್ ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಹಳೆಯ ರಿಚ್ ಟೆಕ್ಸ್ಟ್ ಗುರುತು ಉಳಿದಿದೆಯಾ ನೋಡಿ.)

ಆಪಲ್ ಮೇಲ್ ಕೂಡ ಸುಬ್ಬನಲ್ಲ. ಪತ್ರದ ನಡುವೆ ಫೈಲು ಸೇರಿಸಿದರೆ ಸಾದಾ ಪಠ್ಯ ಒಂದು ಕವಲು, ಎಚ್‌ಟಿಎಂಎಲ್ ಮತ್ತು ಫೈಲು ಸೇರಿ ಇನ್ನೊಂದು ಕವಲು ಅಂತ ಮಾಡಿ, "ಎರಡರಲ್ಲಿ ಯಾವುದಾದರೂ ಒಂದು ನೋಡಿಕೊಳ್ಳಿ" ಅನ್ನುವುದುಂಟು. ಪಡೆಯುವ ಪ್ರೋಗ್ರಾಮು ಸಾದಾ ಪಠ್ಯ ಇಷ್ಟಪಡುವ ಸಂಪ್ರದಾಯಸ್ಥ ಆಗಿದ್ದರೆ ಫೈಲು ಇರುವ ಕವಲಿಗೆ ಕಾಲೇ ಇಡುವುದಿಲ್ಲ. ಫೈಲುಗಳನ್ನು ಪತ್ರದ ಕೊನೆಗೇ ಸೇರಿಸುವ ಆಯ್ಕೆ ಅದರಲ್ಲಿದೆ, ಅದನ್ನು ಹಾಕಿಕೊಂಡರೆ ಅರ್ಧ ತಲೆನೋವು ಕಡಿಮೆ.

ಇವೆಲ್ಲ ಲೋಕಕ್ಕೇ ಇರುವ ರಗಳೆ. ನಮಗೆ ಅಂದ್ರೆ ಕನ್ನಡದಲ್ಲಿ ಬರೆಯುವವರಿಗೇ ಅಂತ ಇನ್ನೊಂದಿದೆ: ಫೈಲಿನ ಹೆಸರು.

ಗೆಳೆಯನೊಬ್ಬನ ತಂದೆ ನಿವೃತ್ತ ಹೈಸ್ಕೂಲು ಮೇಷ್ಟ್ರು. ಎಪ್ಪತ್ತು ದಾಟಿದ ಮೇಲೆ ಯೂನಿಕೋಡ್ ಟೈಪಿಂಗ್ ಕಲಿತವರು. ಆಸ್ಪತ್ರೆ ಖರ್ಚಿನ ಕ್ಲೇಮಿಗೆ ಬಿಲ್ಲುಗಳನ್ನೆಲ್ಲ ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ಕನ್ನಡದಲ್ಲೇ ಹೆಸರಿಟ್ಟು ಕಳಿಸಿದ್ದರು. "ದಾಖಲೆ ಬಂದಿಲ್ಲ" ಅಂತ ಉತ್ತರ. ಮತ್ತೆ ಕಳಿಸಿದರು, ಮತ್ತೆ ಅದೇ. ಗಡುವು ಮುಗಿಯಲು ನಾಲ್ಕೇ ದಿನ, ಮನೆಯಲ್ಲಿ ಎಲ್ಲರೂ "ನಿಮಗೆ ಕಂಪ್ಯೂಟರ್ ಯಾಕೆ ಬೇಕಿತ್ತು" ಅನ್ನೋಕೆ ಶುರು. ಕಳಿಸಿದ ಮೇಲಿನ ಮೂಲ ಪಠ್ಯ ತೆಗೆದು ನೋಡಿದೆ, ಅಷ್ಟೂ ಬಿಲ್ಲು ಅದರೊಳಗಿದ್ದವು. ಆ ಆಫೀಸಿಗೆ ಫೋನ್ ಮಾಡಿದರೆ, "ನೋನೇಮ್ ಅಂತ ಏನೇನೋ ಇದೆ ಸಾರ್, ಅಂಥದ್ದನ್ನೆಲ್ಲ ನಾವು ತೆಗೆಯಲ್ಲ" ಅಂದರು. ಹೆಸರಿಲ್ಲದ ಫೈಲು ತೆಗೆಯದವರನ್ನು ಬೈಯೋ ಹಾಗೂ ಇಲ್ಲ, ಸರಿಯಾದ ಅಭ್ಯಾಸವೇ ಅದು. ಮೂರನೇ ಸಲ "ಬಿಲ್-1", "ಬಿಲ್-2" ಅಂತ ಇಂಗ್ಲಿಷಿನಲ್ಲಿ ಹೆಸರು ಬದಲಿಸಿ ಕಳಿಸಿದೆವು, ಹೋಯಿತು. ಮೇಷ್ಟ್ರು ಅವತ್ತಿನಿಂದ ಯಾವ ಫೈಲಿಗೂ ಕನ್ನಡ ಹೆಸರು ಇಡುತ್ತಿಲ್ಲ.

ಏನಾಗುತ್ತೆ ಅಂದ್ರೆ, "ಲಗ್ನಪತ್ರಿಕೆ" ಅಂತ ಫೈಲಿಗೆ ಹೆಸರಿಡಿ. ನಮಗೆ ಕಾಣೋದು ಐದು ಅಕ್ಷರ. ಯೂನಿಕೋಡಿನಲ್ಲಿ ವಿರಾಮ, ಗುಣಿತ ಎಲ್ಲ ಬಿಡಿಬಿಡಿಯಾಗಿ ಎಣಿಸಿ 11. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟು, ಒಟ್ಟು 33. ಹೆಸರಿನ ಚೀಟಿಯಲ್ಲಿ ಇಂಗ್ಲಿಷೇತರ ಅಕ್ಷರ ಬರೆಯುವ ಕ್ರಮವನ್ನು 1997ರಲ್ಲೇ ಆರ್‌ಎಫ್‌ಸಿ 2231 ನಿಗದಿ ಮಾಡಿದೆ. ಅದರ ಪ್ರಕಾರ ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ, ಅಂದ್ರೆ 99 ಅಕ್ಷರ. ಮೇಲಿನ ಒಂದು ಸಾಲು 78 ಅಕ್ಷರ ಮೀರಬಾರದು ಅನ್ನೋದು ವಾಡಿಕೆ. ಆದ್ದರಿಂದ ಹೆಸರನ್ನು ತುಂಡು ಮಾಡಿ, ತುಂಡುಗಳಿಗೆ ನಂಬರು ಕೊಟ್ಟು ಕಳಿಸಬೇಕು, ಆ ಕಡೆಯವರು ಜೋಡಿಸಿಕೊಳ್ಳಬೇಕು. ಜೋಡಿಸೋಕೆ ಬಾರದ ಪ್ರೋಗ್ರಾಮು ಬಾಲವನ್ನು ಕೈಬಿಡುತ್ತದೆ. ಪಿಡಿಎಫ್ ಅನ್ನೋ ಗುರುತು ಇರೋದೇ ಬಾಲದಲ್ಲಿ! ಅದು ಹೋಯಿತೆಂದರೆ ಫೈಲು ಯಾವ ಜಾತಿಯದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನೋನೇಮ್, ಎಟಿಟಿ00001 ಎಂಬ ವಿಚಿತ್ರ ಹೆಸರುಗಳು ಹುಟ್ಟುವುದು ಹೀಗೆ ಚೀಟಿ ಓದಲಾಗದ ಕಡೆಗಳಲ್ಲೇ.

ಇದರ ಜೊತೆಗೆ ಇನ್ನೊಂದು ಅಡ್ಡದಾರಿ. ವಿಷಯದ ಸಾಲಿಗೆ ಅಂತ 1996ರಲ್ಲಿ ಆರ್‌ಎಫ್‌ಸಿ 2047 ಬೇರೊಂದು ಕ್ರಮ ಹೇಳಿತ್ತು, ಫೈಲಿನ ಹೆಸರಿಗೆ ಮಾತ್ರ ಇದನ್ನು ಬಳಸಬೇಡಿ ಅಂತ ಸ್ಪಷ್ಟವಾಗಿ ಬರೆದಿತ್ತು. ಬೇಡ ಅಂದ ಕೆಲಸವನ್ನೇ ಎಷ್ಟೋ ಪ್ರೋಗ್ರಾಮುಗಳು ಮಾಡಿದವು. ಅದನ್ನು ನೋಡಿ ಉಳಿದವೂ ಓದೋಕೆ ಕಲಿತವು, ಈಗ ಎರಡೂ ಓಡಾಡುತ್ತಿವೆ. ಥಂಡರ್‌ಬರ್ಡಿನವರು ನಿಯಮ ಪಾಲಿಸಬೇಕೋ, ಪಾಲಿಸದವರ ಜೊತೆ ಹೊಂದಿಕೊಳ್ಳಬೇಕೋ ಅಂತ ಆರಿಸಿಕೊಳ್ಳಲು ಒಂದು ಗುಪ್ತ ಸೆಟ್ಟಿಂಗನ್ನೇ ಇಡಬೇಕಾಯಿತು.

"ಸುಮ್ನೆ ಇಂಗ್ಲಿಷಿನಲ್ಲಿ ಹೆಸರಿಡಿ, ರಗಳೆನೇ ಇಲ್ಲ" ಅನ್ನುವ ಬುದ್ಧಿವಾದ ಆಫೀಸಿನಲ್ಲೂ ಕೇಳಿದ್ದೇನೆ. ಗಡುವಿಗೆ ನಾಲ್ಕು ದಿನ ಇದ್ದಾಗ ನಾನೂ ಅದನ್ನೇ ಮಾಡಿಸುತ್ತೇನೆ, ಸುಳ್ಳು ಯಾಕೆ. ಆದರೆ ಅದನ್ನೇ ಪರಿಹಾರ ಅಂತ ಕರೆಯೋಕೆ ನಾನು ತಯಾರಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದ ಕಡತಗಳು ನೆನಪಿದೆಯಲ್ಲ? ಅದೂ "ಸದ್ಯಕ್ಕೆ ಹೀಗೆ ನಡೀಲಿ" ಅಂತಲೇ ಶುರುವಾದದ್ದು. ಫಾಂಟಿಲ್ಲದ ಕಡೆ ಅವನ್ನು ತೆಗೆದರೆ ಇವತ್ತಿಗೂ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಮೇಲಾಗಿ ಇಲ್ಲಿ ನಾವು ಹೊಸದೇನನ್ನೂ ಕೇಳುತ್ತಿಲ್ಲ. 1997ರಲ್ಲಿ ಒಪ್ಪಿಕೊಂಡದ್ದನ್ನು ಪಾಲಿಸಿ ಅಂತಿದ್ದೇವೆ. ನೀವು ಬಳಸುವ ಪ್ರೋಗ್ರಾಮು ಕನ್ನಡ ಹೆಸರು ನುಂಗಿದರೆ ಹೆಸರು ಬದಲಿಸಿ ಸುಮ್ಮನಾಗಬೇಡಿ, ಅದರ ತಯಾರಕರಿಗೆ ಬಗ್ ಬರೆಯಿರಿ. ಇದನ್ನು ಇಂಗ್ಲಿಷಿನವರು ಬರೆಯೋದಿಲ್ಲ, ಅವರಿಗೆ ಈ ತೊಂದರೆ ಕಾಣುವುದೇ ಇಲ್ಲ.

ಬಗ್ ಬರೆಯುವಾಗ ಸ್ಕ್ರೀನ್‌ಶಾಟ್ ಸಾಲದು, ಮೂಲ ಪಠ್ಯ ಬೇಕು. ಥಂಡರ್‌ಬರ್ಡಿನಲ್ಲಿ ಕಂಟ್ರೋಲ್ ಯು ಒತ್ತಿ, ಜಿಮೇಲ್ ವೆಬ್‌ನಲ್ಲಿ ಮೂರು ಚುಕ್ಕಿ ಒತ್ತಿ ಶೋ ಒರಿಜಿನಲ್ ಆರಿಸಿ, ಅಲ್ಲಿ ಫೈಲ್‌ನೇಮ್ ಅನ್ನೋ ಪದ ಹುಡುಕಿ. ಆ ಮೇಲನ್ನು ಫಾರ್ವರ್ಡ್ ಮಾಡಬೇಡಿ, ಫಾರ್ವರ್ಡ್ ಮಾಡಿದಾಗ ಪ್ರೋಗ್ರಾಮು ಚೀಟಿಗಳನ್ನು ಹೊಸದಾಗಿ ಬರೆದು ಸಾಕ್ಷ್ಯನಾಶ ಮಾಡಿಬಿಡಬಹುದು. ಇಎಂಎಲ್ ರೂಪದಲ್ಲಿ ಉಳಿಸಿಕೊಂಡು ಆ ಫೈಲನ್ನೇ ಕಳಿಸಿ. ಖಾಸಗಿ ದಾಖಲೆ ಇದ್ದರೆ ಬೇಡ, ಖಾಲಿ ಪಿಡಿಎಫ್‌ಗೆ ಕನ್ನಡ ಹೆಸರಿಟ್ಟು ಹೊಸ ಮೇಲಿನಲ್ಲಿ ಪರೀಕ್ಷೆ ಮಾಡಿ. ನಾನು ಇದಕ್ಕೆ ಬಳಸುವ ಹೆಸರು "ರಾಜ್‌ಕುಮಾರ್ ಚಿತ್ರಗಳ ಪಟ್ಟಿ". ಮೊದಲ ಪದದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಅಕ್ಷರ ಇದೆ, ಒತ್ತಕ್ಷರ ಇದೆ, ಖಾಲಿ ಜಾಗ ಇದೆ, ಸಾಲು ತುಂಡಾಗುವಷ್ಟು ಉದ್ದವೂ ಇದೆ. ಇದು ನೆಟ್ಟಗೆ ತಲುಪಿದರೆ ಉಳಿದ ಕನ್ನಡ ಹೆಸರುಗಳೂ ಬಹುತೇಕ ತಲುಪುತ್ತವೆ.