ನಗರದ ಫಲಕಗಳೂ ನಡೆಯುವವರ ದಾರಿಯೂ

ಮುಂಬಯಿಯಂತಹ ಮಹಾನಗರದಲ್ಲಿ ಓದುವುದೆಂಬುದು ಶಾಲೆಯ ಗೋಡೆಗಳೊಳಗೆ ಮಾತ್ರ ನಡೆಯತಕ್ಕ ಕಾರ್ಯವಲ್ಲ. ಮನೆಯ ಹೊಸ್ತಿಲನ್ನು ದಾಟಿದೊಡನೆಯೇ ರಸ್ತೆಯ ಹೆಸರು, ಬಸ್ಸಿನ ಸಂಖ್ಯೆ, ನಿಲ್ದಾಣದ ಹಳದಿ ಹಲಗೆ, ಅಂಗಡಿಯ ನಾಮಫಲಕ ಇವೆಲ್ಲವೂ ನಮ್ಮ ಕಣ್ಣನ್ನು ಸೆಳೆಯುತ್ತವೆ. ಕನ್ನಡ ಶಾಲೆಯಲ್ಲಿ ಕಲಿಯುವ ನಮ್ಮ ಬಾಲಕ ಬಾಲಿಕೆಯರು ಈ ಪಾಠವನ್ನು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತಾರೆ. ಊರಿನಿಂದ ಮೊದಲ ಸಲ ಬಂದ ಅಜ್ಜಿಗಾದರೋ ಇದು ಅಷ್ಟು ಸುಲಭವಲ್ಲ. ಬೆಸ್ಟ್ ಬಸ್ಸಿನ ಹಣೆಯ ಮೇಲೆ ದೇವನಾಗರಿ ಅಂಕೆಗಳನ್ನು ಬರೆಯುವ ವಾಡಿಕೆ ಬಹುಕಾಲದ್ದು. ದೇವನಾಗರಿಯ ಒಂದು ಇಂಗ್ಲಿಷಿನ 9ರಂತೆ ತೋರುತ್ತದೆ. ತಪ್ಪು ಬಸ್ಸನ್ನೇರಿದ ಹೊಸಬರನ್ನು ಕಂಡು ನಗುವುದಕ್ಕೆ ಮೊದಲು ಇದನ್ನು ನಾವು ನೆನೆಯಬೇಕು.

ಹಾಗೆಂದು ಈ ನೆಲದ ಭಾಷೆ ಫಲಕಗಳ ಮೇಲೆ ಎದ್ದು ಕಾಣುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಕನ್ನಡನಾಡಿನಲ್ಲಿ ಕನ್ನಡದ ಫಲಕವಿರಬೇಕೆಂದು ಬಯಸುವ ನಾವು ಇಲ್ಲಿ ಮರಾಠಿಗೆ ಆ ಮರ್ಯಾದೆಯನ್ನು ಕೊಡದಿರುವುದು ಹೇಗೆ? ಮೇಲಾಗಿ, ಅದರಿಂದ ನಮಗೆ ಲಾಭವೂ ಉಂಟು. ಇಂಗ್ಲಿಷಿನಲ್ಲಿ 'ಸಾಯನ್' ಎಂದು ಬರೆದ ನಿಲ್ದಾಣದ ಮರಾಠಿ ಹೆಸರು 'ಶೀವ'. ಶೀವ ಎಂದರೆ ಎಲ್ಲೆ. ಮುಂಬಯಿ ದ್ವೀಪವು ಮುಗಿದು ಸಾಷ್ಟಿ ದ್ವೀಪಕ್ಕೆ ದಾಟುತ್ತಿದ್ದ ಸ್ಥಳವದು. ನಮ್ಮ 'ಸೀಮೆ'ಗೆ ಅದು ಬಂಧುವಾದ ಶಬ್ದ. ಇಂಗ್ಲಿಷಿನ ಹೆಸರನ್ನಷ್ಟೇ ಓದುವವನಿಗೆ ಈ ಚರಿತ್ರೆ ದೊರೆಯುವುದಿಲ್ಲ.

ಆದರೆ ಫಲಕವೆಂಬುದು ಬರೆಯಿಸಿದವರ ಅನುಕೂಲಕ್ಕಲ್ಲ, ಓದುವವರ ಅನುಕೂಲಕ್ಕಾಗಿ ಇರತಕ್ಕದ್ದು. ದಾದರ್ ನಿಲ್ದಾಣವನ್ನೇ ನೋಡಿ. ಪಶ್ಚಿಮ ರೈಲ್ವೆಯೂ ಮಧ್ಯ ರೈಲ್ವೆಯೂ ಅಲ್ಲಿ ತಮ್ಮ ತಮ್ಮ ಪ್ಲಾಟ್‌ಫಾರ್ಮುಗಳಿಗೆ ಒಂದರಿಂದಲೇ ಎಣಿಕೆ ಹಾಕಿಕೊಂಡಿದ್ದವು. ಆಡಳಿತದ ಕಡತಗಳಲ್ಲಿ ಅವು ಎರಡು ನಿಲ್ದಾಣಗಳಾಗಿದ್ದರೂ ಸೇತುವೆಯ ಮೇಲೆ ಗಂಟುಮೂಟೆಯೊಡನೆ ನಿಂತವನಿಗೆ ಒಂದೇ ನಿಲ್ದಾಣ; "ಒಂದನೆಯ ಪ್ಲಾಟ್‌ಫಾರ್ಮು ಎಲ್ಲಿ?" ಎಂದರೆ ಎರಡು ಉತ್ತರಗಳು! 2023ರ ಡಿಸೆಂಬರಿನಲ್ಲಿ ಪಶ್ಚಿಮದ 1ರಿಂದ 7ನ್ನು ಹಾಗೆಯೇ ಇರಿಸಿ, ಮಧ್ಯ ರೈಲ್ವೆಯವಕ್ಕೆ 8ರಿಂದ 14ರವರೆಗೆ ಹೊಸ ಸಂಖ್ಯೆಗಳನ್ನು ಕೊಟ್ಟರು. ಹೆಚ್ಚಿನ ವೆಚ್ಚವಿಲ್ಲದ ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟೊಂದು ಕಾಲ ಹಿಡಿದುದೇ ಆಶ್ಚರ್ಯ.

ಫಲಕದಿಂದ ಆಗದ ಕೆಲಸಗಳೂ ಇವೆ. 1896ರ ಪ್ಲೇಗಿನ ಹಾವಳಿಯ ತರುವಾಯ 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ದಾದರ್-ಮಾಟುಂಗ ಪ್ರದೇಶವನ್ನು ಯೋಜಿಸಿದಾಗ ಗಾಳಿ ಬೆಳಕುಗಳಿಗೆಂದು ರಸ್ತೆಗಳನ್ನು ಅಗಲವಾಗಿ ಬಿಟ್ಟಿತು. ಅದರ ಫಲವನ್ನು ಮಾಟುಂಗದಲ್ಲಿ ನೆಲೆಸಿದ ದಕ್ಷಿಣದವರು ಇಂದಿಗೂ ಉಣ್ಣುತ್ತಿದ್ದಾರೆ. ಫೈವ್ ಗಾರ್ಡನ್ಸಿನ ಸುತ್ತ ಸಂಜೆಯ ಹೊತ್ತು ವೃದ್ಧರು ಮರದ ನೆರಳಿನಲ್ಲಿ ನಿಧಾನವಾಗಿ ನಡೆಯುತ್ತಾರೆ. "ನಿಧಾನವಾಗಿ ನಡೆಯಿರಿ" ಎಂದು ಅಲ್ಲಿ ಯಾರೂ ಹಲಗೆ ತೂಗುಹಾಕಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ ಪರಳ್ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳನ್ನು ಕೂಡಿಸುತ್ತಿದ್ದ ಕಾಲುಸೇತುವೆ ಬಹಳ ಇಕ್ಕಟ್ಟಿನದು. 2017ರ ಸೆಪ್ಟೆಂಬರ 29ರಂದು, ಮಳೆ ಸುರಿಯುತ್ತಿದ್ದ ಬೆಳಗಿನಲ್ಲಿ, ಅದರ ಮೆಟ್ಟಿಲುಗಳ ಮೇಲೆ ಉಂಟಾದ ನೂಕುನುಗ್ಗಲಿನಲ್ಲಿ 23 ಜನ ಪ್ರಾಣ ಕಳೆದುಕೊಂಡರು. ದಿನವೂ ಆ ದಾರಿಯಲ್ಲಿಯೇ ಹೋಗುವವರಿಗೆ ಅದರ ಅಪಾಯ ಗೊತ್ತಿರಲಿಲ್ಲವೆ? ಗೊತ್ತಿದ್ದೇನು ಫಲ, ಬೇರೆ ದಾರಿ ಬೇಡವೆ? ಸೈನ್ಯದವರು ಕಟ್ಟಿದ ಹೊಸ ಸೇತುವೆ 2018ರ ಫೆಬ್ರವರಿಯಲ್ಲಿ ತೆರೆಯಿತು. ಅದೇ ವರ್ಷ ಎಲ್ಫಿನ್‌ಸ್ಟನ್ ರೋಡ್ ಪ್ರಭಾದೇವಿಯಾಯಿತು. ಹೆಸರು ಒಳ್ಳೆಯದೇ. ಆದರೆ ಈ ಎರಡರಲ್ಲಿ ಮೊದಲನೆಯದು ದುರ್ಘಟನೆಗಿಂತ ಮುಂಚೆ ಆಗಿದ್ದರೆ!

ಕಾಲುದಾರಿಗಳ ಅವಸ್ಥೆಯನ್ನು ಬಹಳ ಹೇಳಬೇಕಾಗಿಲ್ಲ, ವಾಚಕರು ಅದನ್ನು ತಮ್ಮ ಕಾಲುಗಳಿಂದಲೇ ಬಲ್ಲರು. ಒಂದನ್ನು ಮಾತ್ರ ಸೂಚಿಸುತ್ತೇವೆ. ಮೋಟರ್ ಸೈಕಲ್ಲುಗಳು ಹತ್ತದಿರಲೆಂದು ಕೆಲವೆಡೆ ಕಾಲುದಾರಿಯ ಬಾಯಿಗೆ ಗಿಡ್ಡ ಕಂಬಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆ. ಅವುಗಳ ನಡುವೆ ಗಾಲಿಕುರ್ಚಿಯೂ ಹೋಗಲಾರದು. ಒಬ್ಬರ ಉದ್ಧಟತನಕ್ಕೆ ಇನ್ನೊಬ್ಬರಿಗೆ ಶಿಕ್ಷೆ!

2020ರಲ್ಲಿ ದಾದರಿನ ಕಡೆಯ ಕೆಲವು ಚೌಕಗಳಲ್ಲಿ, ಪಾದಚಾರಿಗಳ ದೀಪದೊಳಗೆ ಪುರುಷನ ಆಕೃತಿಯ ಬದಲು ಸ್ತ್ರೀಯ ಆಕೃತಿ ಬಂದಿತು. ರಸ್ತೆ ಸರ್ವರದೂ ಅಹುದೆಂದು ಅದು ಸಾರುವುದರಿಂದ ನಮಗೆ ಸಂತೋಷವೇ. ಆದರೆ ತರಕಾರಿಯ ಚೀಲ ಹಿಡಿದು, ಮೊಮ್ಮಗನ ಕೈಹಿಡಿದು ರಸ್ತೆ ದಾಟುವ ಮುದುಕಿ ಆ ಚಿತ್ರವನ್ನು ನೋಡುತ್ತ ನಿಲ್ಲುವುದಿಲ್ಲ. ತಾನು ಆಚೆಯ ದಡ ಸೇರುವವರೆಗೆ ಆ ಹಸಿರು ದೀಪ ಉರಿಯುವುದೋ ಇಲ್ಲವೋ ಎಂಬುದೇ ಅವಳ ಚಿಂತೆ. ಅದು ಇನ್ನೂ ಹತ್ತು ಸೆಕೆಂಡು ಉರಿಯಲೆಂದು ನಗರಪಾಲಿಕೆಯವರಲ್ಲಿಯೂ ಪೋಲೀಸರಲ್ಲಿಯೂ ನಮ್ಮ ಕೋರಿಕೆ.