ಅಚೌರ್ಯವೇ ವ್ಯಾಪಾರದ ಬಂಡವಾಳ

ನಿಡಗುಂದಿ: ಷೇರುಪೇಟೆಯ ಅಗ್ರ 1000 ಕಂಪನಿಗಳು ಪರಿಸರ, ಕಾರ್ಮಿಕರು ಮತ್ತು ಆಡಳಿತದ ಬಗ್ಗೆ ವರ್ಷವರ್ಷವೂ ವರದಿ ಕೊಡುವುದನ್ನು ಸೆಬಿ 2022-23ರಿಂದ ಕಡ್ಡಾಯಗೊಳಿಸಿದೆ. ಸಮೀಪದ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸ್ಥಾವರ ನಡೆಸುವ ಎನ್‌ಟಿಪಿಸಿಯೂ ಇದರಲ್ಲಿ ಸೇರಿದೆ.

ಇದು ದೊಡ್ಡವರ ಮಾತೆಂದು ಸಣ್ಣ ವ್ಯಾಪಾರಿಗಳು ಸುಮ್ಮನಿರುವಂತಿಲ್ಲ. ಇಂಥ ಕಂಪನಿಗಳು ಮಾಲು ಕೊಡುವವರ ಲೆಕ್ಕಪತ್ರ, ಕೂಲಿ ಪಾವತಿಯನ್ನೂ ಕೇಳತೊಡಗಿದರೆ, ಕಚ್ಚಾ ಚೀಟಿಯ ಮೇಲೆ ನಡೆಯುವ ಅಂಗಡಿಗೆ ಆರ್ಡರ್ ತಪ್ಪುತ್ತದೆ. ಪಕ್ಕಾ ಲೆಕ್ಕವಿದ್ದವರಿಗೆ ಬ್ಯಾಂಕ್ ಸಾಲವೂ ಸುಲಭ. ಕಿರು, ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ಬಾಕಿ ಎಳೆಯುವುದು ಜಾಣತನವಲ್ಲ.

ಜೈನರಿಗೆ ಇದು ಹೊಸ ಪಾಠವಲ್ಲ. ಕಡಿಮೆ ತೂಕ, ಕಲಬೆರಕೆಗಳನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳೆಂದು ಎಣಿಸಿದೆ. ಬಸದಿಯಲ್ಲಿ ಕೇಳಿದ ವ್ರತವನ್ನು ಗಲ್ಲಾಪೆಟ್ಟಿಗೆಯ ಮುಂದೆ ಮರೆತರೆ ಧರ್ಮವೂ ಉಳಿಯದು, ಗಿರಾಕಿಯೂ ಉಳಿಯದು.